ಗ್ಯಾರೇಜಿನಲ್ಲಿ ಮುಗ್ಗರಿಸದ ಗಾಡಿ

"ಬುದ್ಧಿ, ನಿಮ್ಮೆದುರು ಕೂತಾಗ ನನ್ನ ಮನಸ್ಸು ಸರಿಯಾಗಿಯೇ ಇರುತ್ತದೆ. ಮನೆಗೆ ಹೋದೊಡನೆ ಕೆಡುತ್ತದೆ. ಮಂತ್ರ ಬದಲಾಯಿಸಿದೆ, ಊಟ ಬದಲಾಯಿಸಿದೆ, ತಪ್ಪು ತಿಳಿಯಬೇಡಿ, ಗುರುಗಳನ್ನೂ ಬದಲಾಯಿಸಿದೆ. ದೋಷ ಎಲ್ಲಿದೆಯೆಂದು ಯಾರಿಗೂ ಸಿಗುತ್ತಿಲ್ಲ. ಅಪ್ಪಣೆಯಾದರೆ ಮನೆ ಬಿಟ್ಟು ಮಠದಲ್ಲೇ ಇದ್ದುಬಿಡಲೇ?" ಎಂದು ಮಹಾರುದ್ರಪ್ಪನೆಂಬ ಶಿಷ್ಯ ಕೇಳಿದ. ಕೇಳಿ ಮುಗಿಸುವಷ್ಟರಲ್ಲಿ ಮೂರು ಬಗೆಯಾಗಿ ಕಾಲು ಮಡಚಿ ಕೂತಿದ್ದ.

ಗುರುಗಳು ಹೇಳಿದರು.

ಒಬ್ಬ ತೊಗಲುಗೊಂಬೆ ಆಡಿಸುವವನಿದ್ದ. ಅವನಿಗೂ ಅವನ ಹೆಂಡತಿಗೂ ಒಂದು ಹಳೆಯ ವ್ಯಾನೇ ಮನೆ. ಹಿಂದೆ ಮಲಗುವ ಹಲಗೆ, ಸ್ಟೌ, ನೀರಿನ ಡ್ರಮ್ಮು. ಮುಂದೆ ಎರಡು ಸೀಟು, ಅವುಗಳ ನಡುವೆ ಇಂಜಿನ್, ಇಂಜಿನ್ನಿಗೊಂದು ತಗಡಿನ ಮುಚ್ಚಳ. ಗೊಂಬೆಗಳ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಮೇಲೆ ಗಣಪತಿ ಇರುತ್ತಾನೆ. ಹಿಂದಿಟ್ಟರೆ ಮಲಗಿದಾಗ ಕಾಲು ತಗಲೀತು. ಅದಕ್ಕೇ ಪೆಟ್ಟಿಗೆಯ ಜಾಗ ಇಂಜಿನ್ ಮುಚ್ಚಳದ ಮೇಲೆ.

ಗಾಡಿ ಮಿಸ್ಸಿಂಗ್ ಹೊಡೆಯತೊಡಗಿತು. ಚೆನ್ನಾಗಿ ಓಡುತ್ತಿದ್ದದ್ದು ಒಂದು ಬಡಿತ ತಪ್ಪುವುದು, ಮುಗ್ಗರಿಸುವುದು, ನಿಲ್ಲಿಸಿ ಹೊರಟರೆ ಏನೂ ಆಗದಂತೆ ಓಡುವುದು. ಸರಿಯಾಗಿ ಓಡುವಾಗಲೂ ಅವನಿಗೆ ನೆಮ್ಮದಿಯಿಲ್ಲ. ಈಗ ತಪ್ಪೀತು, ಈಗ ತಪ್ಪೀತು ಎಂದು ಕಿವಿ ಇಂಜಿನ್ನಿಗೇ ಅಂಟಿತ್ತು.

ಒಬ್ಬ ಮೆಕ್ಯಾನಿಕ್ ಪ್ಲಗ್ ಬದಲಾಯಿಸಿದ. ಇನ್ನೊಬ್ಬ ವೈರು ಬದಲಾಯಿಸಿದ. ಮತ್ತೊಬ್ಬ ಕಾರ್ಬುರೇಟರ್ ಬಿಚ್ಚಿ ತೊಳೆದ. ಯಾರ ಗ್ಯಾರೇಜಿನಲ್ಲೂ ಗಾಡಿ ಮುಗ್ಗರಿಸಲಿಲ್ಲ. ನೆಂಟರೆದುರಿನ ಮಗುವಿನಂತೆ ಜಾಣತನ ತೋರಿಸಿತು. "ಇದಕ್ಕೇನಾಗಿದೆ ಯಜಮಾನ್ರೇ, ರಿಪೇರಿ ನಿಮ್ಮ ಕಿವಿಗೆ ಬೇಕು" ಎಂದು ಅವರು ನಕ್ಕರು. ಅವನು ಹೊರಟ. ಮುಂದಿನ ಊರು ಬರುವ ಮೊದಲೇ ಗಾಡಿ ಮುಗ್ಗರಿಸಿತು.

ಒಮ್ಮೆ ರೈಲು ಹಳಿ ದಾಟುವಾಗ ಹಳಿಯ ಮೇಲೆಯೇ ನಿಂತಿತು. ಗೇಟಿನಲ್ಲಿದ್ದವರು ಓಡಿಬಂದು ತಳ್ಳಿ ದಾಟಿಸಿದರು. ಹಿಂದೆಯೇ ರೈಲು ಹೋಯಿತು. ಹೆಂಡತಿ ರಸ್ತೆಗಿಳಿದು ನಿಂತು ಹೇಳಿದಳು: "ಇನ್ನೊಂದು ಸಲ ಹೀಗಾದರೆ ನಾನು ಅಕ್ಕನ ಮನೆಗೆ. ನೀವೂ ನಿಮ್ಮ ಗಾಡಿಯೂ ಸುಖವಾಗಿ ಸಂಸಾರ ಮಾಡಿಕೊಳ್ಳಿ."

ಆಟದಲ್ಲಿ ಸೀತೆಗೂ ಮಂಡೋದರಿಗೂ ಅವಳದೇ ದನಿ. ಅವಳು ಹೋದರೆ ಅವನಿಗೆ ಮನೆಯೂ ಇಲ್ಲ, ಆಟವೂ ಇಲ್ಲ. ಅವನು ಹೆದರಿ ಮತ್ತೊಂದು ಗ್ಯಾರೇಜಿಗೆ ಹೋದ. ಅಲ್ಲಿಯ ಮೆಕ್ಯಾನಿಕ್ ಮುಚ್ಚಳಕ್ಕೆ ಕೈ ಹಾಕಲಿಲ್ಲ. ಒಮ್ಮೆ ಓಡಿಸಿ ನೋಡಿದ. ಗಾಡಿ ಹೂವಿನಂತೆ ಓಡಿತು.

"ಮಿಸ್ಸಿಂಗ್ ಹೊಡೆಯುವಾಗ ಗಾಡಿಯಲ್ಲಿ ಯಾರಿರುತ್ತಾರೆ?"

"ನಾನು. ಮತ್ತೆ ಇವಳು."

ಮೆಕ್ಯಾನಿಕ್ ಅವಳತ್ತ ತಿರುಗಿದ. "ಯಾವಾಗ ಹೊಡೆಯುತ್ತಮ್ಮಾ?"

"ಪೆಟ್ಟಿಗೆ ಮುಂದಿದ್ದಾಗ" ಎಂದಳು. "ಮುಚ್ಚಳದಲ್ಲಿ ಗಾಳಿಕಿಂಡಿ ಇದೆ. ಅದರ ಮೇಲೆ ಪೆಟ್ಟಿಗೆ ಕೂತರೆ ಸ್ವಲ್ಪ ಹೊತ್ತಿಗೆ ನನ್ನ ಕಾಲು ಸುಡುತ್ತೆ. ಕಾಲು ಸುಟ್ಟ ಮೇಲೆ ಗಾಡಿ ಮುಗ್ಗರಿಸುತ್ತೆ. ಗ್ಯಾರೇಜಿಗೆ ಬರುವಾಗ ಮಾತ್ರ, ಎಣ್ಣೆ ಕೈ ತಗಲಬಾರದು ಅಂತ ಇವರು ಪೆಟ್ಟಿಗೇನ ದೇವಸ್ಥಾನದ ಜಗಲಿಯಲ್ಲಿ ಇಳಿಸಿ ಬರ್ತಾರೆ."

ಪೆಟ್ಟಿಗೆ ತಂದು ಮುಚ್ಚಳದ ಮೇಲಿಟ್ಟು ಮೂವರೂ ಹೊರಟರು. ಊರಾಚೆಯ ಏರಿನಲ್ಲಿ ಗಾಡಿ ಮುಗ್ಗರಿಸಿತು. ಅವಳು ಪೆಟ್ಟಿಗೆಯನ್ನೆತ್ತಿ ತೊಡೆಯ ಮೇಲಿಟ್ಟುಕೊಂಡಳು. ಗಾಡಿ ನಿಲ್ಲಿಸಲಿಲ್ಲ. ಸ್ವಲ್ಪ ದೂರಕ್ಕೆ ಬಡಿತ ಸರಿಹೋಯಿತು. ಒಳಗಿನ ಕಾಯಿಲ್ ಹಳೆಯದು, ಬಿಸಿ ತಡೆಯಲಾರದೆ ಕಿಡಿ ತಪ್ಪಿಸುತ್ತಿತ್ತು. ಮೆಕ್ಯಾನಿಕ್ ಹೊಸದು ಹಾಕಿದ. ಗೊಂಬೆಯಾಟದವನು ಸೀಟಿನ ಮೇಲ್ಗಡೆ ಗಣಪತಿಗೊಂದು ಅಟ್ಟ ಕಟ್ಟಿದ.

ಕಟ್ಟುವಾಗ ಅವನಿಗೆ ರೇಗಿತು. "ಇಷ್ಟು ದಿನ ಬಾಯಿ ಬಿಡೋಕೇನಾಗಿತ್ತು ನಿನಗೆ?"

"ಬಿಟ್ಟಿದ್ದೆ. 'ಶ್, ಸುಮ್ನಿರು, ಇಂಜಿನ್ ಕೇಳಿಸಿಕೊಳ್ತಿದ್ದೀನಿ' ಅಂದಿರಿ."

ಗುರುಗಳು ಕತೆ ನಿಲ್ಲಿಸಿದರು. ಮಹಾರುದ್ರಪ್ಪ ನಕ್ಕ. ಆಮೇಲೆ ಮತ್ತೆ ಕಾಲು ಬದಲಾಯಿಸಿ, "ಚೆನ್ನಾಗಿದೆ ಬುದ್ಧಿ. ಆದರೆ ನಾನು ಇಲ್ಲಿ ಉಳಿಯಬಹುದೋ, ಬಾರದೋ?" ಎಂದ.

"ಉಳಿಯಬಹುದು. ನಿನ್ನ ಮನಸ್ಸು ಯಾವಾಗ ಕೆಡುತ್ತದೆಂದು ನಿನ್ನ ಹೆಂಡತಿಯನ್ನು ಕೇಳಿಕೊಂಡು ಬಾ."