ಶಾವಂತ್ರೆವ್ವನ ಸೈಕಲ್ಲಿಗೆ ಲೇಡೀಸ್ ಸೀಟು

ದೇವರು ಬುದ್ಧಿ ಹಂಚುವ ದಿನ ಮುರಿಗೆಪ್ಪ ಊರಲ್ಲಿರಲಿಲ್ಲ ಅಂತ ಕರಡಿಹಾಳದ ಜನ ಆಡಿಕೊಳ್ಳುತ್ತಿದ್ದರು. ಅವನ ತಾಯಿ ಶಾವಂತ್ರೆವ್ವ ಅದನ್ನು ಒಪ್ಪುತ್ತಿರಲಿಲ್ಲ. ಊರಲ್ಲೇ ಇದ್ದ, ಅವತ್ತು ನಾನೇ ಅವನಿಗೆ ಎಮ್ಮೆ ಹಿಡಕೊಂಡು ಇಲ್ಲೇ ನಿಂತಿರು ಅಂದಿದ್ದೆ, ಅದಕ್ಕೇ ಹೋಗಲಿಲ್ಲ ಅನ್ನುತ್ತಿದ್ದಳು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಮಗ. ಬಾಗಿಲು ನೋಡಿಕೊಂಡಿರು ಅಂದರೆ ಬಾಗಿಲನ್ನೇ ನೋಡುತ್ತ ಕೂರುವವನು. ಹಿತ್ತಲಿನಿಂದ ನಾಯಿ ಬಂದು ರೊಟ್ಟಿ ಬುಟ್ಟಿ ಎಳಕೊಂಡು ಹೋದರೂ ಕತ್ತು ತಿರುಗಿಸುವವನಲ್ಲ. ಮೀಸೆ ಬಂದಿತ್ತು, ಮದುವೆಯ ವಯಸ್ಸು ಬಂದು ಹೋಗುವುದರಲ್ಲಿತ್ತು, ಬರಬೇಕಾದದ್ದೊಂದು ಮಾತ್ರ ಬಂದಿರಲಿಲ್ಲ.

ಶಾವಂತ್ರೆವ್ವ ಹಾಲು ಮಾರುವಾಕೆ. ಗಂಡ ತೀರಿಕೊಂಡ ಮೇಲೆ ಅವನ ಕರಿ ಸೈಕಲ್ಲನ್ನು ತಾನೇ ಹತ್ತಿದ್ದಳು. ನಡುವೆ ಅಡ್ಡ ಸಲಾಕೆ ಇರುವ ಗಂಡಸರ ಸೈಕಲ್ಲು. ಸೀರೆಯನ್ನು ಕಚ್ಚೆ ಹಾಕಿ, ಹಿಂದೆ ಕ್ಯಾನು ಕಟ್ಟಿಕೊಂಡು, ಮುಂಜಾನೆ ಒಮ್ಮೆ ಸಂಜೆ ಒಮ್ಮೆ ಪ್ಯಾಟೆಗೆ ಹೋಗಿ ಬರುತ್ತಿದ್ದಳು. ಮೊದಮೊದಲು ಊರು ಬಾಯಿ ಬಿಟ್ಟು ನೋಡಿತು, ಆಮೇಲೆ ಬಾಯಿ ಮುಚ್ಚಿಕೊಂಡು ಹಾಲು ತಗೊಂಡಿತು.

ಕಷ್ಟ ಇದ್ದದ್ದು ಸೀಟಿನದು. ಗಂಡ ಜೋಳದ ದಂಟಿನಂಥ ಮನುಷ್ಯ, ಅವನಿಗೆ ತಕ್ಕಂತೆ ಅಂಗೈ ಅಗಲದ ಸೀಟು. ಶಾವಂತ್ರೆವ್ವ ತುಂಬಿದ ಹೆಂಗಸು. ರಸ್ತೆಯಲ್ಲಿ ಒಂದು ತಗ್ಗು ಬಂದರೆ ಸತ್ತ ಗಂಡ ನೆನಪಾಗುತ್ತಿದ್ದ, ಒಳ್ಳೆಯ ಮಾತಿನಿಂದಲ್ಲ. ಎಲ್ಲಿ ನೋಯುತ್ತದೆ ಅಂತ ಡಾಕ್ಟರಿಗೆ ಹೇಳುವ ಹಾಗೂ ಇಲ್ಲ, ಹೇಳದೆ ಇರುವ ಹಾಗೂ ಇಲ್ಲ. ಅತ್ತ ಪ್ಯಾಟೆಯ ಓಣಿಗಳಿಗೆ ಡೇರಿಯ ವ್ಯಾನು ಬರತೊಡಗಿತ್ತು. ತಾನು ನಾಲ್ಕು ದಿನ ಮಲಗಿದರೆ ದಿನಾ ಹಾಲು ತಗೊಳ್ಳುವ ವರ್ತನೆಯ ಮನೆಗಳೆಲ್ಲ ವ್ಯಾನಿನ ಪಾಲು ಅಂತ ಆಕೆಗೆ ಗೊತ್ತಿತ್ತು.

ಕಡೆಗೊಂದು ದಿನ ಮುಂಜಾನೆಯ ಹಾಲು ಹಾಕಿ ಬಂದವಳೇ ಮಗನನ್ನು ಕರೆದಳು. ನನಗೆ ಇವತ್ತು ಮತ್ತೆ ಆ ಹಾದಿ ತುಳಿಯುವ ಶಕ್ತಿ ಇಲ್ಲ, ನೀನು ಸೈಕಲ್ ತಗೊಂಡು ಹೋಗು, ಹೆಂಗಸರು ಕೂರಲು ಬರುವಂಥ ಸೀಟು ಹಾಕಿಸಿಕೊಂಡು ಸಂಜೆಯ ಹಾಲಿನ ಹೊತ್ತಿಗೆ ಬಾ ಅಂದಳು.

ಪ್ಯಾಟೆಯಲ್ಲಿ ಶಿವಯೋಗಿ ಅನ್ನುವವನು ಹೊಸದಾಗಿ ಗಾಜಿನ ಬಾಗಿಲಿನ ಸೈಕಲ್ ಅಂಗಡಿ ಹಾಕಿದ್ದ. ಮುರಿಗೆಪ್ಪ ಹೋಗಿ ಹೆಂಗಸರಿಗೆ ಅಂದದ್ದೇ ತಡ, ಗುಲಾಬಿ ಬಣ್ಣದ ಮೆತ್ತನೆಯ ಸೀಟು ಹೊರಗೆ ಬಂತು. ಹೆಂಗಸರ ಕೈ ಬೇರೆ ಥರ ಇರುತ್ತದೆ ಅಂತ ಗುಲಾಬಿ ಕೈಗವಸು ಬಂತು. ಹೆಂಗಸರ ಬಾಯಾರಿಕೆ ಬೇರೆ ಥರ ಅಂತ ಗುಲಾಬಿ ಬಾಟಲಿ ಬಂತು. ಲೇಡೀಸ್ ಗಂಟೆ ಬಂತು, ಲೇಡೀಸ್ ಪಂಪು ಬಂತು. ಪಂಪು ನೋಡಿದ ಮುರಿಗೆಪ್ಪ ಗಾಳಿಯಲ್ಲೂ ಗಂಡು ಹೆಣ್ಣು ಇದೆಯೇನು ಅಂತ ಕೇಳಿದ. ಶಿವಯೋಗಿ ಕಣ್ಣು ಮಿಟುಕಿಸದೆ, ಈ ಪಂಪಿನಿಂದ ಬರುವುದೆಲ್ಲ ಲೇಡೀಸ್ ಗಾಳಿಯೇ ಅಂದ. ಎಮ್ಮೆಗೆ ಹಿಂಡಿ ತರಲು ಇಟ್ಟಿದ್ದ ದುಡ್ಡೂ ಅಲ್ಲಿಗೆ ಮುಗಿಯಿತು. ಹೊರಡುವಾಗ ಶಿವಯೋಗಿ ತಮಾಷೆಗೆ ಒಂದು ಮಾತು ಸೇರಿಸಿದ.

"ಇದು ಪಕ್ಕಾ ಲೇಡೀಸ್ ಸೀಟು ನೋಡಪಾ. ಗಂಡಸರು ಕುಂಡ್ರೂ ಹಂಗಿಲ್ಲ."

ಮುರಿಗೆಪ್ಪ ಮೊದಲು ಎರಡೂ ಗಾಲಿಯ ಗಂಡುಗಾಳಿಯನ್ನು ಪೂರ್ತಿ ಬಿಟ್ಟು, ಲೇಡೀಸ್ ಪಂಪಿನಿಂದ ಬೆವರು ಸುರಿಯುವ ತನಕ ಮತ್ತೆ ತುಂಬಿದ. ಆಮೇಲೆ ಸೈಕಲ್ಲನ್ನು ತಳ್ಳಿಕೊಂಡು ನಡೆದ. ಹಾದಿಯಲ್ಲಿ ಕಟ್ಟಿಗೆ ಹೊತ್ತ ಒಬ್ಬ ಮುದುಕಿ ಸಿಕ್ಕಳು. ಹೆಂಗಸರ ಸೀಟು ಖಾಲಿ ಹೋಗುತ್ತಿರುವಾಗ ಹೆಂಗಸು ನಡೆಯುವುದು ಅವನಿಗೆ ಸರಿ ಕಾಣಲಿಲ್ಲ. ಅವಳನ್ನು ಕೂರಿಸಿ, ಕಟ್ಟಿಗೆ ತಾನು ಹೊತ್ತು, ಅವಳ ಊರಿಗೆ ಮುಟ್ಟಿಸಿದ. ಆ ಊರು ಇದ್ದದ್ದು ಬಡಗಣ ದಿಕ್ಕಿಗೆ, ಕರಡಿಹಾಳ ತೆಂಕಣಕ್ಕೆ. ಅಲ್ಲಿ ತವರಿಗೆ ಹೊರಟಿದ್ದ ಒಬ್ಬ ಬಸುರಿ ಸಿಕ್ಕಳು. ಅವಳನ್ನು ಇಳಿಸಿದಲ್ಲಿ ಬಳೆಗಾರ್ತಿ ಸಿಕ್ಕಳು. ಒಬ್ಬಳು ಇಳಿಯುವುದರೊಳಗೆ ಇನ್ನೊಬ್ಬಳು. ಹೆಂಗಸರಿಗೆ ಈ ಸೀಮೆಯಲ್ಲಿ ಬರವೇ?

ಸಂಜೆ ಶಾವಂತ್ರೆವ್ವ ದಾರಿ ನೋಡಿ ನೋಡಿ, ಕಡೆಗೆ ಕ್ಯಾನನ್ನು ತಲೆಯ ಮೇಲೆ ಹೊತ್ತು ಪ್ಯಾಟೆಗೆ ನಡೆದಳು. ಅವಳು ಮುಟ್ಟುವ ಹೊತ್ತಿಗೆ ವ್ಯಾನು ಬಂದು ಹೋಗಿತ್ತು, ಅರ್ಧ ಹಾಲು ಉಳಿಯಿತು. ಮಗ ಮನೆಗೆ ಬಂದದ್ದು ಮರುದಿನ ಕೋಳಿ ಕೂಗಿದ ಮೇಲೆ. ಅವ್ವಾ, ಒಂದು ಗಳಿಗೆ ಸೀಟು ಖಾಲಿ ಬಿಡಲಿಲ್ಲ ನೋಡು ಅಂದ.

ಬೈಯುವ ಮೊದಲು ಆಕೆ ಸೀಟು ಹತ್ತಿ ನೋಡಿದಳು. ಹುದುಗು ಬಂದ ಹಿಟ್ಟಿನಂತೆ ಒಳಕ್ಕೆ ಕುಸಿಯಿತು, ಕುಸಿದು ಸರಿಯಾಗಿ ನೋಯುವ ಜಾಗಕ್ಕೇ ಅಂಚು ಒತ್ತಿತು. ಗುಲಾಬಿ ಬಣ್ಣ ಒಂದು ಬಿಟ್ಟರೆ ಹಳೆಯ ಸೀಟಿಗಿಂತ ಇದೇ ಸಣ್ಣದು. ಕೈಗವಸಿನೊಳಗೆ ಹಾಲು ಹಿಂಡಿ ದಪ್ಪಗಾದ ಅವಳ ಬೆರಳು ಅರ್ಧಕ್ಕೆ ನಿಂತವು. ಅದೇ ಕೈಗವಸು ಮುರಿಗೆಪ್ಪನ ಕೈಗೆ ಹೊಲಿದ ಹಾಗೆ ಕೂತಿತು. ಶಾವಂತ್ರೆವ್ವನಿಗೆ ತಲೆ ಕೆಟ್ಟಿತು.

"ಗಂಡಿನ ಸಾಮಾನು ಹೆಣ್ಣಿನ ಸಾಮಾನು ಅಂತ ಇನ್ನ ಮ್ಯಾಲೆ ನೋಡಬ್ಯಾಡ," ಅಂದಳು. "ಅಳತಿ ನೋಡು. ಅಳತಿಗೆ ಸರಿ ಕುಂತರ ತಾ, ಇಲ್ಲಂದ್ರ ಬಿಡು."

ಆಗಲೆವ್ವಾ ಅಂದ. ಅದನ್ನು ಗಂಟು ಹಾಕಿ ಇಟ್ಟುಕೊಂಡ.

ಕೆಲವು ದಿನ ಕಳೆದವು. ಮನೆಯ ಎಮ್ಮೆಯ ಹಾಲು ಬತ್ತಿತು. ಏನಾದರೂ ಒತ್ತೆ ಇಟ್ಟಾದರೂ ಸಂತೆಗೆ ಹೋಗಿ ಬದಲಿ ತರಬೇಕು. ಶಾವಂತ್ರೆವ್ವ ನೋವಿನಿಂದ ಎದ್ದು ಕೂರಲೂ ಆಗದೆ, ಇದನ್ನು ಕೊಟ್ಟು ಬೇರೊಂದು ಹೊಡಕೊಂಡು ಬಾ, ನಮ್ಮ ಕೊಟ್ಟಿಗೆಗೆ ಹೊಂದುವಂಥದ್ದು ಅಂತ ಮಗನನ್ನು ಕಳಿಸಿದಳು. ಮುರಿಗೆಪ್ಪ ಹೋಗುವ ಮೊದಲು ಹಗ್ಗ ತಗೊಂಡು ಕೊಟ್ಟಿಗೆಯ ಬಾಗಿಲಿನ ಎತ್ತರ ಅಳೆದ, ಗೋದಲಿಯ ಅಗಲ ಅಳೆದ, ಗೂಟದಿಂದ ಗೋಡೆಯ ತನಕ ಅಳೆದ. ಅದನ್ನು ನೋಡಿ ತಾಯಿಗೆ ಹೊಟ್ಟೆ ತಣ್ಣಗಾಯಿತು. ನನ್ನ ಮಗನಿಗೆ ತಡವಾಗಿಯಾದರೂ ಬೆಳಕಾಯಿತು ಅಂದುಕೊಂಡಳು.

ಸಂಜೆ ಅವನು ಹೊಡಕೊಂಡು ಬಂದದ್ದು ಕರ್ರಗೆ ಮಿಂಚುವ, ಸೊಕ್ಕಿದ ಒಂದು ಕೋಣವನ್ನು.

"ಅಳತಿ ಬರೋಬ್ಬರಿ ಐತಿ ನೋಡವ್ವ," ಅಂದ. "ಬಾಗಲದಾಗ ಬೆರಳು ಹೆಚ್ಚಿಲ್ಲ, ಬೆರಳು ಕಮ್ಮಿಯಿಲ್ಲ."

ಶಾವಂತ್ರೆವ್ವ ಹಾಲು ಹಿಂಡಲು ಚರಿಗೆ ಹಿಡಕೊಂಡು ಬಂದಿದ್ದಳು. ರೂಢಿಯ ಮೇಲೆ ಕುಕ್ಕುರುಗಾಲಲ್ಲಿ ಕೂತೂ ಬಿಟ್ಟಿದ್ದಳು. ಕೂತವಳು ಹಾಗೇ ಎದ್ದಳು. ಊರಿನ ಅರ್ಧ ಜನ ನೋಡಲು ಬಂದರು. ಇದಕ್ಕೆ ಹಾಲು ಎಷ್ಟು ಅಂತ ಒಬ್ಬ ಕೇಳಿದ, ಗಟ್ಟಿ ಹಾಲೋ ನೀರು ಹಾಲೋ ಅಂತ ಇನ್ನೊಬ್ಬ ಕೇಳಿದ. ಆಕೆ ಒಳಗೆ ಹೋಗಿ ಒಲೆಯ ಮುಂದೆ ಕೂತು ಅತ್ತಳು. ಅಳುತ್ತ ಅಳುತ್ತ ಮಗ ಗೋದಲಿ ಅಳೆದದ್ದು ನೆನಪಾಗಿ ನಗು ಬಂತು, ನಗು ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಮುಂದಿನ ಸಂತೆಗೆ ತಾನೇ ಕುಂಟುತ್ತ ಹೋಗಿ, ಕೋಣದ ಜೊತೆ ಕಿವಿಯ ಬೆಂಡೋಲೆಯನ್ನೂ ಬಿಚ್ಚಿಕೊಟ್ಟು, ಕರೆಯುವ ಎಮ್ಮೆ ತಂದಳು. ಅದರ ಕೆಚ್ಚಲಿನ ಮುಂದೆ ಮಗನನ್ನು ಕೂರಿಸಿ ಪಾಠ ಹೇಳಿದಳು.

"ಯಾರಾದರೂ ಇದು ಹೆಣ್ಣು ಅಂತ ತೋರಿಸಿದರ ಮೊದಲ ಬಗ್ಗಿ ಕೆಳಗ ನೋಡು. ಕೈ ಹಾಕಿ ಹಿಂಡಿ ನೋಡು. ಆಮ್ಯಾಲೆ ನಂಬು."

ಆಗಲೆವ್ವಾ ಅಂದ.

ಎಮ್ಮೆ ಬಂದ ಮೇಲೆ ಹಾಲು ಬಂತು, ಹಾಲು ಬಂದ ಮೇಲೆ ಸೈಕಲ್ ಹತ್ತಲೇಬೇಕು. ಗುಲಾಬಿ ಸಾಮಾನನ್ನೆಲ್ಲ ಒಂದು ಚೀಲಕ್ಕೆ ತುಂಬಿ, ಇವನ್ನು ತಿರುಗಿ ಕೊಟ್ಟು ನಮ್ಮ ಹಳೆಯ ಸೀಟನ್ನಾದರೂ ಇಸಕೊಂಡು ಬಾ ಅಂತ ಮಗನನ್ನು ಅಟ್ಟಿದಳು. ಅವನು ಚೀಲದ ಜೊತೆ ಹಾಲು ಹಿಂಡುವ ಚರಿಗೆಯನ್ನೂ ತಗೊಂಡು ಹೋದದ್ದನ್ನು ಆಕೆ ನೋಡಲಿಲ್ಲ. ಆಮೇಲೆ ನಡೆದದ್ದು ಆಕೆಗೆ ಗೊತ್ತಾದದ್ದು ಸಂಜೆ, ಹಾಲು ತಗೊಳ್ಳುವ ಮನೆಗಳಿಂದ. ಒಬ್ಬೊಬ್ಬರೂ ಒಂದೊಂದು ಚೂರು ಹೇಳಿದರು, ಪೂರ್ತಿ ಹೇಳಲು ಯಾರಿಗೂ ನಗು ಬಿಡಲಿಲ್ಲ.

ಅವತ್ತು ಅಂಗಡಿಯಲ್ಲಿ ಕಾಲೇಜಿನ ಹುಡುಗಿಯರು ತುಂಬಿದ್ದರಂತೆ. ಹೆಣ್ಣುಮಕ್ಕಳ ಸೈಕಲ್ ಜಾಥಾ ಇತ್ತು, ಅವರನ್ನು ಕರಕೊಂಡು ಪದ್ಮಾವತಿ ಅನ್ನುವ ಎತ್ತರದ ಮೇಡಂ ಬಂದಿದ್ದರು. ಶಿವಯೋಗಿ ಗುಲಾಬಿ ಸೈಕಲ್ಲುಗಳನ್ನು ಸಾಲಾಗಿ ನಿಲ್ಲಿಸಿ, ಇವೆಲ್ಲ ಲೇಡೀಸ್, ಖಾಸಾ ಲೇಡೀಸ್ ಅಂತ ವರ್ಣಿಸುತ್ತಿದ್ದ. ಮುರಿಗೆಪ್ಪ ಚೀಲ ಕೆಳಗಿಟ್ಟು, ಮೊದಲನೆಯ ಸೈಕಲ್ಲಿನ ಪಕ್ಕ ಕುಕ್ಕುರುಗಾಲಲ್ಲಿ ಕೂತು, ಚರಿಗೆಯನ್ನು ಮೊಣಕಾಲ ನಡುವೆ ಇಟ್ಟುಕೊಂಡು, ಬಗ್ಗಿ ಕೆಳಗೆ ನೋಡಿದ. ಕೈ ಹಾಕಿದ. ಪೆಡಲು ಹಿಂಡಿದ, ಚೈನು ಹಿಂಡಿದ, ಸೀಟಿನ ಹೊಟ್ಟೆ ಹಿಂಡಿದ. ಎದ್ದು ಎರಡನೆಯದರ ಪಕ್ಕ ಕೂತ. ಹೀಗೇ ಸಾಲು ಮುಗಿಸಿ, ಎಣ್ಣೆ ಮೆತ್ತಿದ ಕೈಯಲ್ಲಿ ಖಾಲಿ ಚರಿಗೆ ಎತ್ತಿ ತೋರಿಸಿದ.

"ಇದರಾಗ ಒಂದೂ ಹೆಣ್ಣಿಲ್ಲರೀ ಅವ್ವಾರ. ಬರೇ ಬಣ್ಣಾ ಹಚ್ಯಾರ."

ಹುಡುಗಿಯರು ನಕ್ಕರು. ಮೇಡಮ್ಮೂ ನಕ್ಕರು. ನಕ್ಕು ಸುಮ್ಮನಾದ ಮೇಲೆ, ಬಣ್ಣ ಬಿಟ್ಟರೆ ಬೇರೇನು ವ್ಯತ್ಯಾಸ ಹೇಳಿ ಅಂತ ಶಿವಯೋಗಿಯನ್ನು ಕೇಳಿದರು. ಮೇಡಂ ಮೂಲೆಯಲ್ಲಿದ್ದ ಗಂಡಸರ ಸೈಕಲ್ ಹತ್ತಿ ನೋಡಿದರು, ಅವರ ಕಾಲಿಗೆ ಅದೇ ಸರಿಯಾಯಿತು. ಕುಳ್ಳಗಿನ ಒಬ್ಬಳಿಗೆ ಸಲಾಕೆಯಿಲ್ಲದ ತಗ್ಗಿನ ಸೈಕಲ್ಲೇ ಬೇಕಾಯಿತು. ಒಬ್ಬಳು ಮಾತ್ರ ಯಾವ ಅಳತೆಯನ್ನೂ ನೋಡದೆ, ನನಗೆ ಗುಲಾಬಿ ಅಂದರೆ ಆಸೆ, ಅಷ್ಟೇ ಅಂತ ಗುಲಾಬಿಯದನ್ನೇ ಹಿಡಕೊಂಡಳು. ಯಾರೂ ಬೇಡ ಅನ್ನಲಿಲ್ಲ. ಮುರಿಗೆಪ್ಪನನ್ನು ಶಿವಯೋಗಿ ಚೀಲ ಸಮೇತ ಹೊರಗೆ ನೂಕಿದ.

ಮರುದಿನ ಶಾವಂತ್ರೆವ್ವ ಮಗನನ್ನೂ ಕರಕೊಂಡು ತಾನೇ ಆ ಗಾಜಿನ ಬಾಗಿಲು ನೂಕಿಕೊಂಡು ಒಳಗೆ ಹೋದಳು. ಮಗನ ಮೇಲೂ ಸಿಟ್ಟು, ಅಂಗಡಿಯವನ ಮೇಲೂ ಸಿಟ್ಟು. ಇವನು ದಡ್ಡ, ಇವನಿಗೆ ಗಾಳಿ ಮಾರಿದೆಯಲ್ಲ, ನಿನಗೇನನ್ನಬೇಕು ಅಂತ ಕೇಳಿದಳು. ಶಿವಯೋಗಿ ಚೀಲ ತಗೊಂಡ. ಆಕೆ ಕಚ್ಚೆ ಬಿಗಿದು, ಅಂಗಡಿಯಲ್ಲಿದ್ದ ಸೀಟುಗಳನ್ನೆಲ್ಲ ಒಂದೊಂದಾಗಿ ಹಾಕಿಸಿ ಕೂತು ನೋಡಿದಳು. ನಾಚಿಕೆ ಪಟ್ಟುಕೊಂಡು ಇಷ್ಟು ವರ್ಷ ನೋವು ತಿಂದದ್ದು ಸಾಕಾಗಿತ್ತು. ಕಡೆಗೆ ಹೊಂದಿದ್ದು ಅಡತಿಯಲ್ಲಿ ಮೂಟೆ ಹೊರುವ ಹಮಾಲರು ಹಾಕಿಸಿಕೊಳ್ಳುವ, ಸ್ಪ್ರಿಂಗಿನ ಅಗಲವಾದ ಚರ್ಮದ ಸೀಟು. ಸೀಟಿನ ಮೂತಿಯನ್ನು ತುಸು ತಗ್ಗಿಸಿದ ಮೇಲೆ ಗೌಡರ ಮನೆಯ ಮಣೆಯ ಮೇಲೆ ಕೂತ ಹಾಗಾಯಿತು.

ತಿರುಗಿ ಬರುವಾಗ ಕೆರೆ ಏರಿಯ ತಗ್ಗುಗಳು ಒಂದೊಂದೇ ಬಂದವು, ಹೋದವು. ಗಂಡನಿಗೆ ಒಂದು ಬೈಗುಳವೂ ಬೀಳಲಿಲ್ಲ. ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಧೂಳಿಗೆ ಅಂತ ಹೇಳಿದಳು, ಹಿಂದೆ ಓಡಿ ಬರುತ್ತಿದ್ದ ಮುರಿಗೆಪ್ಪ ಹಾಗೇ ನಂಬಿದ. ಮನಸ್ಸು ಹಗುರಾಗಿತ್ತು, ಅದಕ್ಕೇ ಸಮಾಧಾನದಿಂದ ಇನ್ನೊಂದು ಬುದ್ಧಿ ಹೇಳಿದಳು.

"ಸಾಮಾನು ಯಾರಿಗೆ ಬೇಕೋ ಅವರನ್ನ ಅಂಗಡಿಗೆ ಕರಕೊಂಡು ಹೋಗಬೇಕಪಾ. ಅವರ ಮೈಗೆ ಹಚ್ಚಿ ನೋಡಿ ತರಬೇಕು. ಇಷ್ಟು ತಿಳಕೊಂಡರ ನೀ ಗೆದ್ದಿ."

ಆಗಲೆವ್ವಾ ಅಂದ ಮುರಿಗೆಪ್ಪ.

ಆ ಮಳೆಗಾಲ ಕಳೆದ ಮೇಲೆ ಪಕ್ಕದ ಮನೆಯ ಬಸಲಿಂಗಜ್ಜ ತೀರಿಕೊಂಡ. ತುಂಬಿದ ವಯಸ್ಸು, ಹಿಂದೆ ಮುಂದೆ ಯಾರೂ ಇಲ್ಲದ ಒಂಟಿ ಜೀವ. ಓಣಿಯವರೇ ಎಲ್ಲ ಮಾಡಬೇಕು. ಲಿಂಗಾಯತರ ಪದ್ಧತಿಯಂತೆ ಮೈ ತೊಳೆದು, ವಿಭೂತಿ ಹಚ್ಚಿ, ಪದ್ಮಾಸನ ಹಾಕಿಸಿ ಪಡಸಾಲೆಯ ಗೋಡೆಗೆ ಆನಿಸಿ ಕೂರಿಸಿದರು. ಗಂಡಸರು ಕುಣಿ ತೋಡಲು ಹೋದರು. ಹೊಸ ಬಟ್ಟೆ ಹೊದಿಸಬೇಕಿತ್ತು. ಶಾವಂತ್ರೆವ್ವ ಗಡಿಬಿಡಿಯಲ್ಲಿ ಮಗನ ಕೈಗೆ ಸೈಕಲ್ ಕೊಟ್ಟು, ಅಜ್ಜನಿಗೆ ಬಟ್ಟೆ ತಾ, ಲಗೂನ ಬಾ ಅಂದು, ಹೆಂಗಸರ ಜೊತೆ ಹೂವು ಪತ್ರಿ ತರಲು ತೋಟಕ್ಕೆ ನಡೆದಳು.

ತಿರುಗಿ ಬಂದು ನೋಡಿದರೆ ಗೋಡೆಯ ಹತ್ತಿರ ಅಜ್ಜ ಇಲ್ಲ. ಕೂತಿದ್ದ ಜಾಗದಲ್ಲಿ ಒಂದಿಷ್ಟು ವಿಭೂತಿ ಉದುರಿತ್ತು. ಅಳುತ್ತಿದ್ದವರು ಅಳು ನಿಲ್ಲಿಸಿದರು. ಒಬ್ಬ ಮುತ್ತೈದೆ ಕೈ ಜೋಡಿಸಿ, ಪುಣ್ಯಾತ್ಮ, ಮೈ ಸಮೇತ ಕೈಲಾಸಕ್ಕೆ ಹೋದ ಅಂದಳು. ನಾಲ್ಕಾರು ಜನ ಅಲ್ಲೇ ಅಡ್ಡಬಿದ್ದರು. ಶಾವಂತ್ರೆವ್ವ ಅಡ್ಡಬೀಳಲಿಲ್ಲ. ಅಂಗಳಕ್ಕೆ ಹೋಗಿ ಮಣ್ಣಿನ ಮೇಲೆ ಸೈಕಲ್ಲಿನ ಗಾಲಿಯ ಗೀರು ನೋಡಿದಳು, ಪ್ಯಾಟೆಯ ಹಾದಿಗೆ ಓಡಿದಳು.

ಹಾದಿಯಲ್ಲಿ ಸಿಕ್ಕ ಮೋಟರ್‌ಸೈಕಲ್ಲಿನವನ ಹಿಂದೆ ಕೂತು ಪ್ಯಾಟೆ ಮುಟ್ಟಿದಳು. ಬಟ್ಟೆ ಅಂಗಡಿಯ ಮುಂದೆ ಕರಿ ಸೈಕಲ್ ನಿಂತಿತ್ತು. ಹಿಂದಿನ ಅಗಲವಾದ ಹಾಲಿನ ಕ್ಯಾರಿಯರಿನ ಮೇಲೆ ಬಸಲಿಂಗಜ್ಜ ಪದ್ಮಾಸನ ಹಾಕಿ, ಕಂಬಕ್ಕೆ ಒರಗಿ, ಎಮ್ಮೆಯ ಹಗ್ಗದಲ್ಲಿ ಭದ್ರವಾಗಿ ಕಟ್ಟಿಸಿಕೊಂಡು ಕೂತಿದ್ದ. ಹೋಗಿಬರುವ ಇಬ್ಬರು ಸ್ವಾಮಿಗಳು ಅಂತ ತಿಳಿದು ಕಾಲು ಮುಟ್ಟಿ ನಮಸ್ಕಾರ ಮಾಡುತ್ತಿದ್ದರು. ಒಳಗೆ ಅಂಗಡಿಯವನು ಮುರಿಗೆಪ್ಪನಿಗೆ ಬಟ್ಟೆ ಹರವಿ ತೋರಿಸುತ್ತಿದ್ದ. ಹೆಂಗಸರಾದರೆ ಹಸಿರು ಸೀರೆ, ಗಂಡಸರಾದರೆ ಬಿಳಿ ಧೋತರ, ಎರಡರ ದರವೂ ಬೇರೆ ಅಂತ ವಿವರಿಸಿ, ತೀರಿಕೊಂಡವರು ಗಂಡಸರೋ ಹೆಂಗಸರೋ ಅಂತ ಕೇಳಿದ.

ಶಾವಂತ್ರೆವ್ವ ಹೊಸ್ತಿಲಲ್ಲಿ ಕಾಲಿಡುವುದಕ್ಕೂ ಮಗ ಬಾಯಿ ತೆರೆಯುವುದಕ್ಕೂ ಸರಿಹೋಯಿತು.

"ನನ್ನನ್ಯಾಕ ಕೇಳತೀರಿ? ಹೊರಗ ಸೈಕಲ್ ಮ್ಯಾಲೆ ಕುಂತಾರ, ಅವರನ್ನ ಕೇಳ್ರಿ."