ಹುಳು ತಿಂದ ಅಂಕೆ

"ದೋಣಿ ನನ್ನ ತಂಗಿಗೆ ಕೊಟ್ಟುಬಿಡಿ. ಅವಳ ಮಡಕೆಗಳು ಎಷ್ಟು ಹೊತ್ತೂಂತ ದಡದಲ್ಲಿ ಕಾಯ್ತಾ ಕೂತಿರಬೇಕು?"

ಮೀನ್ಯೋ ಆಡಿದ ಕೊನೆಯ ಮಾತು ಇದು. ಗಂಡ ತಾದೋನ ಹತ್ತಿರ ಆಡಿದಳು. ಹೊತ್ತು ನೆತ್ತಿಗೆ ಬರುವ ಮೊದಲೇ ಹೋಗಿಬಿಟ್ಟಳು.

ಆಗ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ತಾದೋ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅವಳ ಬಾಯಿಗೆ ನೀರು ಬಿಡುತ್ತಿದ್ದ.

ಇದು ಬರ್ಮಾ ದೇಶದ ಐರಾವತಿ ನದಿಯ ದಡದಲ್ಲಿ ನಡೆದದ್ದು. ಪಗಾನಿನಲ್ಲಿ ರಾಜರು ಆಳುತ್ತಿದ್ದ ಕಾಲ. ತಾದೋ ಜನರನ್ನು ಆಚೆ ದಡಕ್ಕೆ ದಾಟಿಸುವವನು. ದೋಣಿ ಅವನ ಮಾವನದು, ಮದುವೆಯಲ್ಲಿ ಮೀನ್ಯೋ ತಂದದ್ದು. ಹಳೆಯದು, ಸೋರುತ್ತಿತ್ತು. ಇಪ್ಪತ್ತೆರಡು ವರ್ಷ ಅವನು ಹುಟ್ಟು ಹಾಕಿದ, ಅವಳು ತಳದ ನೀರು ಮೊಗೆದು ಚೆಲ್ಲಿದಳು. ಮಕ್ಕಳಿರಲಿಲ್ಲ.

ಏಳನೆಯ ದಿನ ಭಿಕ್ಷುಗಳಿಗೆ ಊಟ ಹಾಕಿದ. ಅವಳು ಉಡುತ್ತಿದ್ದ ಬಟ್ಟೆ, ಅವಳ ಮಗ್ಗ, ಅವಳ ಎಲೆಅಡಿಕೆ ಪೆಟ್ಟಿಗೆ, ಎಲ್ಲ ದಾನಕ್ಕೆ ಹೋಯಿತು. ದೋಣಿ ಒಂದು ಉಳಿಯಿತು.

ಅವತ್ತೇ ಮೀಪ್ಯು ಕೇಳಿದಳು. ಮೀಪ್ಯು ಅಂದರೆ ಸತ್ತವಳ ತಂಗಿ. ಆಚೆ ದಡದ ಕುಂಬಾರರ ಹಳ್ಳಿಯವಳು. ಈಚೆ ದಡದ ಸಂತೆಗೆ ಮಡಕೆ ತರುವವಳು.

"ಭಾವ, ಅಕ್ಕ ಕೊನೆಗೆ ಏನಾದರೂ ಅಂದಳಾ?"

"ಏನಿಲ್ಲ."

"ಅಷ್ಟು ಮಾತಾಡುವವಳು. ಏನೂ ಅನ್ನದೆ ಹೋದಳಾ?"

"ನೀರು ಕೇಳಿದಳು."

ಮೀಪ್ಯು ತಲೆಯಾಡಿಸಿ ಪಾತ್ರೆ ತೊಳೆಯಲು ಹೋದಳು. ಆಮೇಲೆ ತಾದೋ ಅನ್ನದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

ದೋಣಿ ಕೊಡಲು ಅವನಿಗೆ ಮನಸ್ಸಿಲ್ಲ. ಕೊಡದೆ ಇರಲು ಧೈರ್ಯವಿಲ್ಲ. ಕೊಡಬೇಕಾಗಿಲ್ಲ ಬಿಡು ಅಂತ ಯಾರಾದರೂ ಒಬ್ಬರು ಹೇಳಿದ್ದರೆ ಸಾಕಿತ್ತು. ಆದರೆ ಯಾರನ್ನು ಕೇಳುವುದು? ಕೇಳಿದರೆ ಹೇಳಿಬಿಟ್ಟ ಹಾಗೆ.

ದಿಬ್ಬದ ಮೇಲಿನ ವಿಹಾರದಲ್ಲಿ ಹಿರಿಯ ಭಿಕ್ಷು ಸೋಭನ ಥೇರರು ಇದ್ದರು. ಅವರ ಹತ್ತಿರ ಧಮ್ಮಸತ್ತದ ಓಲೆಗಳಿದ್ದವು. ಧಮ್ಮಸತ್ತ ಅಂದರೆ ನ್ಯಾಯ ಹೇಳುವ ಗ್ರಂಥ. ಜಗಳ ಬಂದರೆ ಯಾರದು ಸರಿ, ಯಾರದು ತಪ್ಪು, ಸತ್ತವರ ಸೊತ್ತು ಯಾರಿಗೆ, ಎಲ್ಲ ಅದರಲ್ಲಿದೆ ಅನ್ನುತ್ತಿದ್ದರು ಜನ.

ತಾದೋ ದಿಬ್ಬ ಹತ್ತಿದ.

"ಭಂತೆ, ನನಗೆ ಅಕ್ಷರ ಬರುತ್ತೆ. ಚಿಕ್ಕಂದಿನಲ್ಲಿ ಎರಡು ಮಳೆಗಾಲ ಇಲ್ಲೇ ಕಲಿತೆ. ಬರೆಯುವ ಕೆಲಸ ಏನಾದರೂ ಕೊಡಿ."

"ದೋಣಿ?"

"ಕಟ್ಟಿಹಾಕಿದ್ದೇನೆ."

"ಜನ ಹೇಗೆ ದಾಟುತ್ತಾರೆ?"

"ಕೆಳಗಿನ ರೇವಿಗೆ ಹೋಗುತ್ತಾರೆ. ಸ್ವಲ್ಪ ದೂರ."

ಥೇರರು ಒಂದು ಹಾಳು ತಾಳೆಗರಿ ಕೊಟ್ಟರು. "ಬರೆದು ತೋರಿಸು."

ಬರೆದ.

"ಏಡಿ ನಡೆದ ಹಾಗಿದೆ," ಅಂದರು. "ಪರವಾಗಿಲ್ಲ, ಏಡಿಯೂ ಊರು ಸೇರುತ್ತೆ. ಕೂತುಕೋ."

ಆಚೆ ದಡದ ಪೇಟೆಯಲ್ಲಿ ರಾಜನ ನ್ಯಾಯಸ್ಥಾನ ಇತ್ತು. ಅಲ್ಲಿಗೆ ಧಮ್ಮಸತ್ತದ ಹೊಸ ಪ್ರತಿ ಬೇಕಾಗಿತ್ತು. ಹಳೆಯದನ್ನು ಹುಳು ತಿನ್ನುತ್ತಿತ್ತು. ಅದನ್ನು ನೋಡಿಕೊಂಡು ಬರೆಯುವುದೇ ಕೆಲಸ.

"ಒಂದು ಕಟ್ಟಳೆ ಇದೆ," ಅಂದರು ಥೇರರು. "ಹುಳು ತಿಂದ ಕಡೆ ಅಷ್ಟೇ ಜಾಗ ಖಾಲಿ ಬಿಟ್ಟು ಮುಂದೆ ಹೋಗು. ತುಂಬಬೇಡ."

"ಏನಿತ್ತು ಅಂತ ಗೊತ್ತಾದರೆ?"

"ಗೊತ್ತಾದರಂತೂ ಬೇಡವೇ ಬೇಡ."

ತಾದೋ ದಿನಾ ಬೆಳಿಗ್ಗೆ ಬಂದು ಕೂತ. ತೊಡೆಯ ಮೇಲೆ ತಾಳೆಗರಿ, ಕೈಯಲ್ಲಿ ಕಬ್ಬಿಣದ ಕಂಟ. ಕಂಟದ ಮೊನೆಯಿಂದ ಗರಿಯನ್ನು ಗೀರಬೇಕು. ಗೀರಿದ ಅಕ್ಷರ ಆಗ ಕಾಣುವುದಿಲ್ಲ. ದೀಪದ ಮಸಿಗೆ ಎಣ್ಣೆ ಕಲಸಿ ಮೇಲೆ ತಿಕ್ಕಿ ಒರೆಸಿದರೆ ಗೀರಿನಲ್ಲಿ ಕಪ್ಪು ನಿಲ್ಲುತ್ತದೆ. ಮಸಿ ತಿಕ್ಕುವುದು ಥೇರರ ಕೆಲಸ. ಅವರ ಬೆರಳು ಯಾವಾಗಲೂ ಕಪ್ಪು.

ದನ ಬೇಲಿ ಮುರಿದರೆ ಏನು. ಆನೆ ಬಾಳೆ ತುಳಿದರೆ ಏನು. ಬೈದರೆ ಏನು ಶಿಕ್ಷೆ, ಜುಟ್ಟು ಹಿಡಿದರೆ ಏನು. ಗಂಡಹೆಂಡತಿ ಬೇರೆಯಾದರೆ ಇಬ್ಬರೂ ಗಳಿಸಿದ್ದು ಇಬ್ಬರಿಗೂ ಸಮ. ತಾದೋ ಬರೆಯುತ್ತಾ ಹೋದ.

"ಭಂತೆ, ಜನ ಇಷ್ಟೊಂದು ಜಗಳ ಆಡುತ್ತಾರಾ?"

"ಇದನ್ನು ಬರೆದವನಿಗೆ ನೆನಪಾದವು ಇಷ್ಟೇ."

ಹದಿನೇಳನೆಯ ದಿನ ಅವನಿಗೆ ಬೇಕಾದ ಗರಿ ಕೈಗೆ ಬಂತು. ಸಾಯುವವರು ಕೊಟ್ಟ ಕೊಡುಗೆಯ ವಿಚಾರ. ತಾದೋ ಒಂದೊಂದೇ ಅಕ್ಷರ ಕೂಡಿಸಿ ಓದಿದ.

'ಸಾಯುವ ಹೊತ್ತಿನಲ್ಲಿ ಇದು ಇಂಥವರಿಗೆ ಅಂದರೆ, ಆ ಮಾತು ಕೇಳಿದವರು'

ಅಲ್ಲೊಂದು ತೂತು. ಮುಂದೆ,

'ಜನ ಇದ್ದರೆ ಕೊಟ್ಟದ್ದು ಕೊಟ್ಟದ್ದೇ. ಅದಕ್ಕಿಂತ ಕಡಿಮೆಯಾದರೆ ಕೊಟ್ಟಿಲ್ಲ.'

ಹುಳು ತಿಂದದ್ದು ಒಂದು ಅಂಕೆ. ಒಂದೇ ಒಂದು.

ತಾದೋ ಗರಿಯನ್ನು ತಿರುಗಿಸಿ ನೋಡಿದ. ಬೆಳಕಿಗೆ ಹಿಡಿದು ನೋಡಿದ. ತೂತಿನ ಅಂಚಿನಲ್ಲಿ ಗೀರಿನ ತುದಿ ಕೂಡ ಇರಲಿಲ್ಲ.

ಅಲ್ಲಿ ಒಂದು ಅಂತ ಇದ್ದಿದ್ದರೆ ದೋಣಿ ಮೀಪ್ಯುಳದು. ಎರಡು ಅಂತ ಇದ್ದಿದ್ದರೆ ದೋಣಿ ತನ್ನದು.

ಥೇರರು ಅಂಗಳದಲ್ಲಿ ಬಟ್ಟೆ ಒಣಗಲು ಹಾಕುತ್ತಿದ್ದರು. ತಾದೋ ಕಂಟ ಊರಿದ. ಎರಡು ಅಂತ ಗೀರಿದ. ಮುಂದಿನ ಸಾಲಿಗೆ ಹೋದ.

ಬರೆದದ್ದು ಕಣ್ಣಿಗೆ ಕಾಣುತ್ತಿರಲಿಲ್ಲ. ಗರಿ ಬೆಳ್ಳಗೆ ಸುಮ್ಮನೆ ಬಿದ್ದಿತ್ತು. ಅವನಿಗೆ ಎದೆಯ ಮೇಲಿನ ಕಲ್ಲು ಇಳಿಸಿದ ಹಾಗಾಯಿತು. ಮನೆಗೆ ಹೋಗಿ ಹೊಟ್ಟೆ ತುಂಬ ಉಂಡ.

ಮಾರನೆಯ ದಿನ ಥೇರರು ಮಸಿಯ ಕುಡಿಕೆ ಹಿಡಿದು ಕೂತಿದ್ದರು. ಒಂದೊಂದೇ ಗರಿ ತಿಕ್ಕಿ ಒರೆಸಿ, ಹಳೆಯದರ ಪಕ್ಕ ಇಟ್ಟು ನೋಡುತ್ತಿದ್ದರು. ಆ ಗರಿಗೆ ಬಂದಾಗ ಕೈ ನಿಂತಿತು.

"ತಾದೋ, ಬಾ ಇಲ್ಲಿ. ಇಲ್ಲಿ ಎರಡು ಅಂತಿದೆ."

"ಹೌದು ಭಂತೆ."

"ಹಳೆಯದರಲ್ಲಿ ತೂತಿದೆ."

"ಹೌದು ಭಂತೆ."

"ಎರಡು ಅಂತ ಎಲ್ಲಿ ಓದಿದೆ?"

"ಅಂದಾಜು ಮಾಡಿದೆ. ನ್ಯಾಯಸ್ಥಾನಕ್ಕೆ ಹೋಗುವ ಓಲೆ. ತೂತು ಬಿಟ್ಟರೆ ಚೆನ್ನಾಗಿರುವುದಿಲ್ಲ ಅಂತ."

"ನಿನ್ನ ಅಂದಾಜಿಗೆ ಒಂದು ಯಾಕೆ ಬರಲಿಲ್ಲ?"

ತಾದೋ ನೆಲ ನೋಡಿದ.

"ಮೂರು ಯಾಕೆ ಬರಲಿಲ್ಲ?"

ತಾದೋ ಹಳೆಯ ಗರಿಯ ತೂತನ್ನು ಬೆರಳಿನಿಂದ ಮುಟ್ಟಿ ನೋಡಿದ. ಆಮೇಲೆ ಕೇಳಿದ.

"ಭಂತೆ, ಬೇರೆ ಕಡೆಯ ಓಲೆಗಳಲ್ಲಿ ಏನಿದೆ?"

"ಕೆಳಗೆ ಮೋನ್ ಜನರ ಸೀಮೆಯ ಓಲೆಯೊಂದು ನೋಡಿದ್ದೆ. ಅದರಲ್ಲಿ ಒಂದು ಅಂತಿತ್ತು. ಮೇಲಿನ ಸೀಮೆಯದರಲ್ಲಿ ಮೂರು."

"ಯಾವುದು ಸರಿ?"

"ಆ ಎರಡು ಓಲೆಗಳನ್ನೂ ಬರೆದವರು ನಿನ್ನ ಹಾಗೆ ಕೂತು ಬರೆದವರೇ."

"ಮೊಟ್ಟಮೊದಲನೆಯ ಧಮ್ಮಸತ್ತ ಲೋಕದ ಅಂಚಿನ ಗೋಡೆಯ ಮೇಲೆ ಬರೆದಿತ್ತಂತೆ. ಅಲ್ಲಿಂದ ಓದಿಕೊಂಡು ಬಂದರಂತೆ."

"ಹಾಗಂತಾರೆ."

"ಆ ಗೋಡೆಯ ಮೇಲೆ ಎಷ್ಟು ಅಂತಿದೆ?"

"ನನಗೇನು ಗೊತ್ತು? ದೋಣಿ ನಿನ್ನದು. ಹೋಗಿ ನೋಡಿಕೊಂಡು ಬಾ."

ದೋಣಿ ನಿನ್ನದು. ಆ ಮಾತು ತಾದೋನ ಕಿವಿಗೆ ಕಾದ ಎಣ್ಣೆ ಹುಯ್ದ ಹಾಗೆ ಕೇಳಿತು. ಅವನು ಥೇರರ ಎದುರಿಗೆ ಕೂತ.

"ನನ್ನದೋ ಅಲ್ಲವೋ ಗೊತ್ತಿಲ್ಲ, ಭಂತೆ."

ಥೇರರು ಮಸಿಯ ಕುಡಿಕೆ ಪಕ್ಕಕ್ಕಿಟ್ಟರು.

ತಾದೋ ಎಲ್ಲ ಹೇಳಿದ. ಹೆಂಡತಿ ಅಂದದ್ದು, ನಾದಿನಿ ಕೇಳಿದ್ದು, ತಾನು ಏನಿಲ್ಲ ಅಂದದ್ದು. ನಿಧಾನವಾಗಿ ಹೇಳಿದ. ನಡುವೆ ಎರಡು ಸಲ ನಿಲ್ಲಿಸಿದ. ಥೇರರು ಅವಸರ ಮಾಡಲಿಲ್ಲ.

"ಅವಳ ಮಾತು ಎಷ್ಟು ಜನ ಕೇಳಿದ್ದರು?"

"ಒಬ್ಬನೇ."

"ಯಾರು?"

"ನಾನು."

"ಅವನು ನಂಬಿಕಸ್ಥನಾ?"

ಹೊರಗೆ ಒಂದು ಕಾಗೆ ಅನ್ನದ ಅಗುಳು ಆರಿಸುತ್ತಿತ್ತು. ತಾದೋ ಅದನ್ನೇ ನೋಡಿದ.

"ಅವಳದು ಅಂತ ಇನ್ನೇನೂ ಉಳಿದಿಲ್ಲ, ಭಂತೆ," ಅಂದ. "ಎಲ್ಲ ಕೊಟ್ಟುಬಿಟ್ಟೆ. ಇದನ್ನೂ ಕೊಟ್ಟರೆ ಸಾಯಂಕಾಲ ನಾನು ಎಲ್ಲಿ ಹೋಗಿ ಕೂರಲಿ?"

"ಈಗ ಅದರಲ್ಲಿ ಕೂರುತ್ತೀಯಾ?"

"ದಿನಾ."

"ಕೂತು ಏನು ಮಾಡುತ್ತೀ?"

"ನೀರು ಮೊಗೆದು ಚೆಲ್ಲುತ್ತೇನೆ."

ಥೇರರು ಮಸಿ ಬಳಿದ ಆ ಗರಿಯನ್ನು ಎತ್ತಿ ಒಲೆಗೆ ಹಾಕಿದರು. ಹೊಸ ಗರಿಯೊಂದನ್ನು ತಾದೋನ ತೊಡೆಯ ಮೇಲಿಟ್ಟರು.

"ಬರಿ."

ತಾದೋ ಬರೆದ. ತೂತು ಬಂದಾಗ ಕಂಟ ಎತ್ತಿ, ಬೆರಳಿನಿಂದ ಅಳತೆ ಮಾಡಿ, ಅಷ್ಟೇ ಜಾಗ ಬಿಟ್ಟು ಮುಂದೆ ಗೀರಿದ. ಥೇರರು ಮಸಿ ತಿಕ್ಕಿದರು. ಕಪ್ಪು ಸಾಲಿನ ನಡುವೆ ಬೆಳ್ಳಗೆ ಒಂದು ಜಾಗ ನಿಂತಿತು.

"ಭಂತೆ, ಇಲ್ಲಿಗೆ ಬಂದಾಗ ನ್ಯಾಯಾಧೀಶರು ಏನು ಮಾಡುತ್ತಾರೆ?"

"ಓದುವುದನ್ನು ನಿಲ್ಲಿಸುತ್ತಾರೆ. ತಲೆ ಎತ್ತುತ್ತಾರೆ. ಎದುರಿಗೆ ನಿಂತವನ ಮುಖ ನೋಡುತ್ತಾರೆ."

"ಆಮೇಲೆ?"

"ಊಟದ ಹೊತ್ತಾಯಿತು," ಅಂದರು ಥೇರರು. "ಮಧ್ಯಾಹ್ನ ದಾಟಿದರೆ ನಾನು ಉಣ್ಣುವ ಹಾಗಿಲ್ಲ. ನಾಳೆ ಬರೆದಷ್ಟು ಓಲೆಯ ಕಟ್ಟು ಪೇಟೆಗೆ ಒಯ್ಯಬೇಕು. ಕೆಳಗಿನ ರೇವಿನವರೆಗೆ ನಡೆಯಲು ನನ್ನ ಮೊಣಕಾಲಿಗೆ ಆಗುವುದಿಲ್ಲ."

ಮಾರನೆಯ ಬೆಳಿಗ್ಗೆ ತಾದೋ ದೋಣಿ ಬಿಚ್ಚಿದ. ಹುಲ್ಲಿನ ಎಳೆಗೆ ಅಂಟು ಹಚ್ಚಿ ಸೋರುವ ಬಿರುಕಿಗೆ ತುರುಕಿದ. ಥೇರರನ್ನು ಕೂರಿಸಿಕೊಂಡ. ಓಲೆ ಕಟ್ಟು ಅವರ ಮಡಿಲಲ್ಲಿತ್ತು.

ಆಚೆ ದಡದಲ್ಲಿ ಮೀಪ್ಯು ಮಡಕೆಗಳನ್ನು ಹುಲ್ಲಿನಲ್ಲಿ ಸುತ್ತಿ ಜೋಡಿಸುತ್ತಿದ್ದಳು. ಕೆಳಗಿನ ರೇವಿಗೆ ಹೊತ್ತುಕೊಂಡು ಹೋಗಲು ಸಿದ್ಧವಾಗುತ್ತಿದ್ದಳು. ದೋಣಿ ನೋಡಿ ಸೊಂಟದ ಮೇಲೆ ಕೈ ಇಟ್ಟಳು.

"ಏನು ಭಾವ, ನಮ್ಮ ದಡ ನೆನಪಾಯಿತಾ?"

ತಾದೋ ದೋಣಿಯಿಂದ ಇಳಿದ. ಥೇರರನ್ನು ಕೈಹಿಡಿದು ಇಳಿಸಿದ. ಹಗ್ಗ ತಂದು ಮೀಪ್ಯುಳ ಕೈಯಲ್ಲಿ ಇಟ್ಟ.

"ಅಕ್ಕ ಹೇಳಿದ್ದಳು. ದೋಣಿ ನಿನಗೆ ಅಂತ."

"ಅವತ್ತು ಏನಿಲ್ಲ ಅಂದಿರಿ."

"ಸುಳ್ಳು ಹೇಳಿದೆ."

"ಈಗ ಹೇಳುತ್ತಿರುವುದು?"

"ಇದು ನಿಜ."

ಮೀಪ್ಯು ಓದುವುದು ಕಲಿತವಳಲ್ಲ. ಅವನ ಮುಖವನ್ನು ತುಂಬ ಹೊತ್ತು ನೋಡಿದಳು. ಹಗ್ಗವನ್ನು ಕೈಗೆ ಒಂದು ಸುತ್ತು ಸುತ್ತಿಕೊಂಡಳು.

"ಸೋರುವ ದೋಣಿ," ಅಂದಳು. "ಒಳ್ಳೆಯದು ಅಂತ ಒಂದನ್ನು ಅಕ್ಕ ಯಾವತ್ತು ಕೊಟ್ಟಿದ್ದಳು?"

ಕಣ್ಣು ಒರೆಸಿಕೊಂಡು ಮಡಕೆಗಳನ್ನು ಒಂದೊಂದಾಗಿ ದೋಣಿಗೆ ಏರಿಸತೊಡಗಿದಳು.

ತಾದೋ ಮರಳಿನ ಮೇಲೆ ನಿಂತಿದ್ದ. ಕೈ ಏನು ಮಾಡಬೇಕು ಅಂತ ಕೈಗೆ ಗೊತ್ತಾಗಲಿಲ್ಲ. ನದಿಯ ಆಚೆ ಅವನ ಮನೆಯ ಸೂರು ಚಿಕ್ಕದಾಗಿ ಕಾಣುತ್ತಿತ್ತು. ಥೇರರು ಓಲೆ ಕಟ್ಟನ್ನು ಹೆಗಲಿಗೆ ಏರಿಸಿ ಪೇಟೆಯ ದಾರಿ ಹಿಡಿದಿದ್ದರು.

"ಭಂತೆ," ಅಂತ ಕರೆದ. "ನಾನೀಗ ಮನೆಗೆ ಹೇಗೆ ಹೋಗಲಿ?"

ಥೇರರು ತಿರುಗಿ ನೋಡಿದರು.

"ಎಲ್ಲರೂ ಹೋಗುವ ಹಾಗೆ," ಅಂದರು. "ದೋಣಿಯವಳನ್ನು ಕೇಳು."