ನಡುಮನೆಯ ಕಂಬ

ಇದನ್ನು ಮೊದಲು ಹೇಳಿದ್ದು ನಮ್ಮ ಸೋದರತ್ತೆ ದಾಕ್ಷಾಯಣಮ್ಮ. ಸಿಟ್ಟು ಬಂದಾಗಲೇ ಅವರಿಗೆ ಈ ಕತೆ ನೆನಪಾಗುತ್ತಿತ್ತು.

“ಗುರುಗಳೇ, ನಮ್ಮ ಅತ್ತಿಗೆ ಮಂಕು ಹಿಡಿದು ಮಲಗಿಬಿಟ್ಟಿದ್ದಾರೆ. ಮಗುವನ್ನೂ ಎತ್ತಿಕೊಳ್ಳುತ್ತಿಲ್ಲ. ಕಾರಣ ಯಾವುದು?” ಎಂದು ಶಿಷ್ಯ ಕೇಳಿದ. ದಿನವೂ ಮನೆಯಿಂದ ಮಠಕ್ಕೆ ಪಾಠಕ್ಕೆ ಬರುವವನು. ನಿನ್ನೆಯೂ ಇದನ್ನೇ ಕೇಳಿದ್ದ. “ಅವರ ತಾಯಿಗೂ ಹೀಗೇ ಆಗಿತ್ತಂತೆ. ಬಾಣಂತನದಲ್ಲಿ ಇವರಿಗೂ ಒಮ್ಮೆ ಆಗಿತ್ತು. ನಮ್ಮಮ್ಮ ಹಾಸಿಗೆ ಹಿಡಿದ ಮೇಲೆ ಇವರಿಗೆ ನಿದ್ದೆಯಿಲ್ಲ. ಆದರೆ ಉಣ್ಣಲು ಉಡಲು ಏನು ಕಡಿಮೆ? ಇದರಲ್ಲಿ ಯಾವುದೋ ಒಂದು ಇರಬೇಕಲ್ಲ?”

ಗುರುಗಳು ಹಣೆ ಒತ್ತಿಕೊಂಡು ಹೇಳಿದರು.

ಒಬ್ಬ ರೈತನ ನಡುಮನೆಯಲ್ಲಿ ನಾಲ್ಕು ಕಂಬಗಳಿದ್ದವು. ಅವುಗಳಲ್ಲಿ ಒಂದು ಬಲು ಗಟ್ಟಿಯೆಂದು ಹೆಸರಾಗಿತ್ತು. ಹಸಿಯಿದ್ದಾಗಲೇ ಕಡಿದು ನಿಲ್ಲಿಸಿದ ಮರ. ಹಿಂದೊಮ್ಮೆ ಸೀಳಿದ್ದನ್ನು ಮೆತ್ತಿ ಮುಚ್ಚಿದ್ದರು. ಆದರೂ ಹೆಸರು ಹೋಗಲಿಲ್ಲ. ಹೆಂಡತಿ ಮಜ್ಜಿಗೆ ಕಡೆಯುವ ಹಗ್ಗವನ್ನು ಅದಕ್ಕೇ ಕಟ್ಟಿದಳು. ಮಗ ನೊಗ ತೂಗುಹಾಕಲು ಅದಕ್ಕೇ ಗೂಟ ಹೊಡೆದ. ಸೊಸೆ ಕರುವನ್ನು ಅದಕ್ಕೇ ಬಿಗಿದಳು. ಉಳಿದ ಮೂರು ಕಂಬಗಳಿಗೆ ಹಬ್ಬಕ್ಕೊಮ್ಮೆ ಬಣ್ಣ ಹಚ್ಚುತ್ತಿದ್ದರು.

ಒಂದು ದಿನ ಕಂಬ ಲಟ್ಟೆಂದಿತು. ಮಾಡು ವಾಲಿತು. ಅದರಡಿಯೇ ಇಡೀ ಸಂಸಾರ ಮಲಗುವುದು. ರೈತ ಆಸರೆ ಕೊಡಲು ಓಡಲಿಲ್ಲ; ಪಂಚಾಯಿತಿಗೆ ಕೂತ.

“ಯಾರಿಂದ ಸೀಳಿತು?”

“ನನ್ನದು ಕಿರುಬೆರಳಷ್ಟು ಗೂಟ ಅಪ್ಪಾ,” ಎಂದ ಮಗ.

“ಹಗ್ಗ ಕಟ್ಟುವ ಪದ್ಧತಿ ನಿಮ್ಮಮ್ಮನದು. ಸ್ವರ್ಗಕ್ಕೆ ಹೋಗಿ ಅವರನ್ನೇ ಕೇಳಿ!” ಎಂದಳು ಹೆಂಡತಿ.

ಕೊನೆಗೆ ತಪ್ಪು ಕರುವಿನದೆಂದು ತೀರ್ಮಾನವಾಯಿತು. ಮೊನ್ನೆ ಮೊನ್ನೆ ಕಟ್ಟಿದ್ದು ಅದೇ ತಾನೆ. ಕರುವನ್ನು ಬಿಚ್ಚಿದರು. ನೊಗ ಅಲ್ಲೇ ತೂಗಿತು, ಮಜ್ಜಿಗೆ ಅಲ್ಲೇ ಕಡೆದರು. ಕಂಬ ಬುಡದವರೆಗೆ ಬಾಯಿಬಿಟ್ಟಿತು.

ಬಡಗಿ ಬಂದವನು ತಲೆ ಚಚ್ಚಿಕೊಂಡ. “ಯಜಮಾನರೇ, ಎಲ್ಲ ಸೇರಿಯೇ ಸೀಳಿದ್ದು. ಮೊದಲು ಎಲ್ಲವನ್ನೂ ಇಳಿಸಿ, ಆಸರೆಗೆ ಒಂದು ತೊಲೆ ಹಿಡಿಯಿರಿ. ನ್ಯಾಯ ಆಮೇಲೆ ಮಾಡುವಿರಂತೆ.”

ಕಂಬ ಉಳಿಯಿತು. ಯಾರಿಂದ ಸೀಳಿತು ಎಂಬ ವಾದ ಮಾತ್ರ ಆ ಮನೆಯಲ್ಲಿ ಇನ್ನೂ ನಡೆದಿದೆ.

ಶಿಷ್ಯ ತಲೆದೂಗಿದ. “ತಿಳಿಯಿತು ಗುರುಗಳೇ. ಹಾಗಾದರೆ ಅತ್ತಿಗೆಯ ವಿಷಯದಲ್ಲಿ ಮುಖ್ಯ ಕಾರಣ ಯಾವುದು?”

ಗುರುಗಳು ಕಣ್ಣು ಮುಚ್ಚಿ ತೆರೆದರು.

“ಮನೆಗೆ ಹೋಗಿ ಈ ಕತೆಯನ್ನು ನಿಮ್ಮಣ್ಣನಿಗೂ ಹೇಳಪ್ಪ; ಇಬ್ಬರೂ ಕೂತು ಮುಸುರೆ ತಿಕ್ಕುವಾಗ ಹೇಳು.”